ಭಾರ ಹೊತ್ತು ನಡೆಯಲು ಹೆಗಲಪಟ್ಟಿ ಚೀಲವೋ, ಸೊಂಟಪಟ್ಟಿ ಚೀಲವೋ?

ಸೇನೆ ಸೇರಲು ಚಿಕ್ಕಮಗಳೂರಿನಲ್ಲಿ ತಯಾರಾಗುವವರು ಸರ್ಪದಾರಿ ಹಿಡಿದು ಮುಳ್ಳಯ್ಯನಗಿರಿಗೆ (1,930 ಮೀ.) ಭಾರ ಹೊತ್ತು ಹತ್ತುವುದಾದರೆ ಮೊದಲು ಚೀಲ ನೋಡಿಕೊಳ್ಳಿ. ಬರೀ ಹೆಗಲಪಟ್ಟಿಯ ಕಾಲೇಜ್ ಬ್ಯಾಗ್ ಅಗ್ಗ, ನಾಲ್ಕೈದು ಕೆ.ಜಿ.ಗೆ ಪರವಾಗಿಲ್ಲ. ಭಾರ ಹೆಚ್ಚಾಗಿ ಗಂಟೆಗಟ್ಟಲೆ ಹೊತ್ತರೆ ಪಟ್ಟಿ ಕೊರಳೆಲುಬಿನ ಬಳಿಯ ನರಗಳನ್ನು ಒತ್ತುತ್ತದೆ; ಬೆರಳು ಜೋಮು ಹಿಡಿಯುತ್ತದೆ, ಕೆಲವರಿಗೆ ತೋಳೇ ಎತ್ತಲಾಗುವುದಿಲ್ಲ. ಇದಕ್ಕೆ ‘ರಕ್‌ಸ್ಯಾಕ್ ಪಾಲ್ಸಿ’ ಎಂದೇ ಹೆಸರು.

ಹೆಗಲಪಟ್ಟಿಯ ಜೊತೆಗೆ ಸೊಂಟಪಟ್ಟಿಯೂ ಇರುವ ಚೀಲ ದುಬಾರಿ, ಸೆಕೆ ಬೇರೆ. ಆದರೂ ಹೆಗಲ ಭಾರ ಸೊಂಟಕ್ಕಿಳಿಯುವುದರಿಂದ ನಮ್ಮ ಓಟು ಅದಕ್ಕೇ. ಪಟ್ಟಿಯನ್ನು ಹೊಟ್ಟೆಗಲ್ಲ, ಸೊಂಟದ ಮೂಳೆಯ ಮೇಲೆ ಬಿಗಿದು, ಆಮೇಲೆ ಹೆಗಲಪಟ್ಟಿ ಎಳೆಯಿರಿ. ತೂಕದ ಸಾಮಾನು ಬೆನ್ನಿಗಂಟಿಕೊಂಡಿರಲಿ; ಹೊರಜೇಬಿಗೆ ತುರುಕಿದರೆ ಚೀಲ ಹಿಂದಕ್ಕೆಳೆಯುತ್ತದೆ, ನೀವು ಮುಂದಕ್ಕೆ ಬಾಗಿ ನಡು ನೋಯಿಸಿಕೊಳ್ಳುತ್ತೀರಿ. ಇಳಿಯುವಾಗ ಮಾತ್ರ ಎರಡೂ ಒಂದೇ: ಓಡಿದರೆ ಮಂಡಿಗೆ ಪೆಟ್ಟು.