ಮೊದಲ ಎರಡು ಬ್ರೌಸರ್: ನನ್ನ ಓಟು ಕಪ್ಪು ಪರದೆಗೆ

ಕಳೆದ ತಿಂಗಳು 11,000 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ಟಚ್‌ಪ್ಯಾಡಿನ ಎಡಗಡೆ ಬಟನ್ ಎರಡು ಸಲ ಒತ್ತಿದರೂ ಒಂದೇ ಸಲ ಕೇಳಿಸಿಕೊಳ್ಳುತ್ತದೆ. ಈ ಹೋಲಿಕೆಯಲ್ಲಿ ಅದರ ಕೈವಾಡ ಇದೆ, ಮೊದಲೇ ಹೇಳಿಬಿಡುತ್ತೇನೆ.

ವೆಬ್ ಹುಟ್ಟಿದ್ದು ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ. ಅಲ್ಲಿನ ಮೊದಲ ಎರಡು ಬ್ರೌಸರ್‌ಗಳನ್ನು ಈಗಿನ ಬ್ರೌಸರಿನ ಒಳಗೇ ಓಡಿಸಿ ನೋಡಬಹುದು. 'ಲೈನ್ ಮೋಡ್' ಅನ್ನು 2013ರಲ್ಲಿ, 'ವರ್ಲ್ಡ್‌ವೈಡ್‌ವೆಬ್' ಅನ್ನು 2019ರಲ್ಲಿ ಸರ್ನ್‌ನಲ್ಲಿ ಮತ್ತೆ ಕಟ್ಟಿದರು. ಎರಡೂ ಪುಕ್ಕಟೆ. ಎರಡರಲ್ಲೂ ಜಗತ್ತಿನ ಮೊದಲ ವೆಬ್ ಪುಟವನ್ನೇ ತೆರೆದೆ.

ವರ್ಲ್ಡ್‌ವೈಡ್‌ವೆಬ್ ಹಿರಿಯಣ್ಣ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1990ರಲ್ಲಿ ನೆಕ್ಸ್ಟ್ ಎಂಬ ಕಂಪನಿಯ ಕಂಪ್ಯೂಟರಿನಲ್ಲಿ ಬರೆದದ್ದು. ಮೊದಲ ವೆಬ್ ಸರ್ವರ್, ಅಂದರೆ ಕೇಳಿದವರಿಗೆ ಪುಟ ಕಳಿಸುವ ಕಂಪ್ಯೂಟರ್ ಕೂಡ ಅದೇ ಪೆಟ್ಟಿಗೆ. 'ಇದು ಸರ್ವರ್, ಆಫ್ ಮಾಡಬೇಡಿ' ಅಂತ ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ್ದರು. ನಮ್ಮ ಮನೆಯ ರೂಟರಿಗೂ ಅಂಥದ್ದೊಂದು ಬೇಕು.

ಇದರಲ್ಲಿ ವಿಳಾಸ ಬರೆಯುವ ಜಾಗವೇ ಎದುರಿಗಿಲ್ಲ. ಮೆನುವಿನಲ್ಲಿ 'ಡಾಕ್ಯುಮೆಂಟ್', ಅದರೊಳಗೆ 'ಓಪನ್ ಫ್ರಮ್ ಫುಲ್ ಡಾಕ್ಯುಮೆಂಟ್ ರೆಫರೆನ್ಸ್', ಆಮೇಲೆ ವಿಳಾಸ. ಇರಲಿ, ಸಹಿಸಬಹುದು. ಆದರೆ ಲಿಂಕ್ ತೆರೆಯೋಕೆ ಡಬಲ್ ಕ್ಲಿಕ್ಕೇ ಆಗಬೇಕು! ಟಕ್‌ಟಕ್ ಅಂತ ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕರ್ಸರ್ ಮಾತ್ರ ಪದದ ನಡುವೆ ಹೋಗಿ ಕೂತಿತು.

ಯಾಕಂದ್ರೆ ಇದು ಬರೀ ಓದೋಕೆ ಮಾಡಿದ್ದಲ್ಲ, ಪುಟ ತಿದ್ದೋಕೂ ಹೌದು. ಒಂದು ಕ್ಲಿಕ್ ಅಂದರೆ 'ಇಲ್ಲಿ ಬರೆಯುತ್ತೇನೆ' ಅಂತ ಲೆಕ್ಕ. ಲೆಕ್ಕ ಸರಿಯಾಗೇ ಇದೆ, ನನ್ನ ಬಟನ್‌ಗೆ ಅದು ಗೊತ್ತಿಲ್ಲ ಅಷ್ಟೇ. ಆರನೇ ಸಲಕ್ಕೆ ಲಿಂಕ್ ತೆರೆಯಿತು, ಅದೂ ಬೇರೆ ಕಿಟಕಿಯಲ್ಲಿ. ನಾಲ್ಕು ಲಿಂಕ್ ನೋಡುವಷ್ಟರಲ್ಲಿ ಪರದೆ ತುಂಬಾ ಕಿಟಕಿ.

ಲೈನ್ ಮೋಡ್‌ನಲ್ಲಿ ಈ ರಗಳೆ ಇಲ್ಲ. ನೆಕ್ಸ್ಟ್ ದುಬಾರಿ, ಎಲ್ಲರ ಹತ್ತಿರ ಇರಲಿಲ್ಲ. ಅದಕ್ಕೇ ಬರೀ ಅಕ್ಷರ ತೋರಿಸುವ ಎಂಥ ಸಾದಾ ಟರ್ಮಿನಲ್ ಮೇಲೂ ಓಡುವ ಬ್ರೌಸರನ್ನು ನಿಕೋಲಾ ಪೆಲ್ಲೋ ಎಂಬ ವಿದ್ಯಾರ್ಥಿನಿ ಬರೆದರು. ಕಪ್ಪು ಪರದೆ, ಹಸಿರು ಅಕ್ಷರ. ಲಿಂಕಿನ ಪಕ್ಕ ಚೌಕ ಕಂಸದೊಳಗೆ ಒಂದು ಸಂಖ್ಯೆ. ಅದನ್ನು ಒತ್ತಿ ಎಂಟರ್ ಹೊಡೆದರೆ ಪುಟ ಬಂತು. ವಾಪಸ್ ಬರೋಕೆ 'ಬ್ಯಾಕ್' ಅಂತ ಬರೆದರೆ ಸಾಕು. ಬಸ್ಸಿನ ನಂಬರ್ ನೋಡಿ ಹತ್ತಿದಷ್ಟು ಸಲೀಸು.

ಪುಟ ತಿದ್ದೋಕೆ ಆಗಲ್ಲ. ಚಿತ್ರ ಕಾಣಲ್ಲ. ನಾನು ಓದೋ ಜಾತಿ, ಅದೂ ಕೀಬೋರ್ಡ್ ಬಿಟ್ಟು ಕೈ ಎತ್ತದವನು. ನನಗೆ ಲೈನ್ ಮೋಡೇ ಸರಿ. ಪುಟ ಕಟ್ಟುವ ಹುಚ್ಚಿರುವವರಿಗೆ ಹಿರಿಯಣ್ಣನೇ ವಾಸಿ ಅನ್ನಿಸಬಹುದು.

400 ರೂಪಾಯಿ ಹಾಕಿ ಒಂದು ಮೌಸ್ ತಂದರೆ ನನ್ನ ಮಾತೂ ಬದಲಾಗಬಹುದೇನೋ. ಈ ತಿಂಗಳಂತೂ ಆಗಲ್ಲ.