ಎಪಿಆರ್‌ಎಸ್ ಶುರು ಮಾಡಲು ಆ್ಯಪ್ ಸಾಕಾ, ರೇಡಿಯೊನೇ ಬೇಕಾ?

ಎಪಿಆರ್‌ಎಸ್ ಅಂದರೆ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ತಾವಿರುವ ಜಾಗ, ಚಿಕ್ಕ ಸಂದೇಶಗಳನ್ನು ಕಳಿಸುವ ವ್ಯವಸ್ಥೆ. ಕಲಬುರಗಿ ಕಡೆ ಹೊಸದಾಗಿ ಹ್ಯಾಮ್ ಲೈಸೆನ್ಸ್ ಪಡೆದವರಿಗೆ ಇದನ್ನು ಶುರು ಮಾಡಲು ಎರಡು ದಾರಿ ಇವೆ. ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಅಂತೂ ಎರಡಕ್ಕೂ ಬೇಕೇ ಬೇಕು.

ಆ್ಯಪ್ ಸುಲಭ. ಎಪಿಆರ್‌ಎಸ್‌ಡ್ರಾಯ್ಡ್ ಹಾಕಿಕೊಂಡು ಕಾಲ್‌ಸೈನ್, ಪಾಸ್‌ಕೋಡ್ ಕೊಟ್ಟರೆ ಸಾಕು, ಫೋನಿನ ಜಿಪಿಎಸ್ ಹೇಳುವ ಜಾಗ ಇಂಟರ್ನೆಟ್ ಮೂಲಕ ಹೋಗಿ ನಕ್ಷೆಯಲ್ಲಿ ನಿಮ್ಮ ಗುರುತು ಕಾಣಿಸುತ್ತದೆ. ಆದರೆ ಭೀಮಾ ಉಕ್ಕಿ ಬಂದು ಮೊಬೈಲ್ ಟವರ್ ಕೈಕೊಟ್ಟರೆ ಇದೂ ನಿಲ್ಲುತ್ತದೆ, ಅಲ್ವಾ?

ರೇಡಿಯೊದಲ್ಲಿ ಕೆಲಸ ಜಾಸ್ತಿ. ಅದೇ ಆ್ಯಪ್ ಇರುವ ಫೋನನ್ನು ಆಡಿಯೊ ಕೇಬಲ್‌ನಿಂದ 2 ಮೀಟರ್ ಬ್ಯಾಂಡಿನ (ಸುಮಾರು 2 ಮೀಟರ್ ತರಂಗಾಂತರದ) ವಾಕಿಟಾಕಿಗೆ ಜೋಡಿಸಬೇಕು. ಮಾಹಿತಿ 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಹೋಗುತ್ತದೆ, ವಾಲ್ಯೂಮ್ ಜಾಸ್ತಿಯಾದರೆ ಸ್ವರ ಕೆಟ್ಟು ಆ ಕಡೆಯವರಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಕಡಿಮೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಹತ್ತಿರದಲ್ಲಿ ಡಿಜಿಪೀಟರ್ (ಸಿಕ್ಕಿದ ಮಾಹಿತಿಯನ್ನು ಮತ್ತೆ ರೇಡಿಯೊದಲ್ಲೇ ಮುಂದಕ್ಕೆ ಕಳಿಸುವ ಕೇಂದ್ರ) ಅಥವಾ ಐಗೇಟ್ (ಅದನ್ನು ಇಂಟರ್ನೆಟ್‌ಗೆ ಸೇರಿಸುವ ಕೇಂದ್ರ) ಇಲ್ಲದಿದ್ದರೆ ಇಂಟರ್ನೆಟ್ ನಕ್ಷೆಗೆ ನೀವು ಬರುವುದಿಲ್ಲ. ಆದರೂ ನಿಮ್ಮ ಸಿಗ್ನಲ್ ನೇರವಾಗಿ ಸಿಗುವ ಗೆಳೆಯರ ಪರದೆಯಲ್ಲಿ ಕಾಣುತ್ತೀರಿ, ಟವರ್ ಇರಲಿ ಬಿಡಲಿ.

ಸುಮ್ನೆ ಕಲಿಯೋಕೆ ಆ್ಯಪ್ ಸಾಕು. ನೆರೆ, ಜಾತ್ರೆಯಲ್ಲಿ ಸೇವೆ ಮಾಡುವ ಮನಸ್ಸಿದ್ದರೆ ದುಡ್ಡನ್ನು ರೇಡಿಯೊಗೇ ಹಾಕಿ, ಮಾಳಿಗೆ ಮೇಲೆ ಒಂದು ಒಳ್ಳೆ ಆಂಟೆನಾ ಕೂಡ ನಿಲ್ಲಿಸಿ.