ಹ್ಯಾಡನ್ ಹಾಲ್ ನೋಡುವುದೋ, ಐಟಮ್ ಮೋಟ್ ನೋಡುವುದೋ?

ಶತಮಾನಗಳುದ್ದಕ್ಕೂ ಮಾರ್ಪಟ್ಟ ಇಂಗ್ಲಿಷ್ ಜಮೀನ್ದಾರಿ ಮನೆಯೊಂದನ್ನಷ್ಟೇ ನೋಡಲು ಬಿಡುವಿರುವವರು ಈ ಎರಡರ ನಡುವೆ ಆರಿಸಿಕೊಳ್ಳಬಹುದು.

ಡರ್ಬಿಶೈರಿನ ಹ್ಯಾಡನ್ ಹಾಲ್ 12ನೇ ಶತಮಾನದಿಂದ 17ನೇ ಶತಮಾನದ ಆರಂಭದವರೆಗೆ ಹಂತಹಂತವಾಗಿ ಬೆಳೆಯಿತು. ಆಮೇಲೆ ಒಡೆಯರು ಬೇರೆಡೆ ನೆಲೆಸಿದ್ದರಿಂದ ಸುಮಾರು ಇನ್ನೂರು ವರ್ಷ ಅದು ಬಹುಮಟ್ಟಿಗೆ ಖಾಲಿಯಾಗಿಯೇ ಉಳಿದು, ನಂತರದ ಕಾಲದ ಅಭಿರುಚಿಗಳ ಹೊಡೆತದಿಂದ ಪಾರಾಯಿತು. ಆ ಅಲಕ್ಷ್ಯವೇ ಅದನ್ನು ಕಾಪಾಡಿತೆಂದು ನನ್ನ ನಂಬಿಕೆ. ಅಲ್ಲಿನ ಉದ್ದನೆಯ ಪಡಸಾಲೆಯ ಕಿಟಕಿಗಳಲ್ಲಿ ವಜ್ರಾಕಾರದ ಗಾಜುಗಳು ಬೇರೆಬೇರೆ ಕೋನಗಳಲ್ಲಿ ಬಾಗಿದ್ದು, ಬೆಳಕು ನೀರಿನ ಮೇಲೆ ಬಿದ್ದಂತೆ ಚೆದುರುತ್ತದೆ.

ಕೆಂಟಿನ ಐಟಮ್ ಮೋಟ್ ಹಾಗಲ್ಲ. ನೀರಿನ ಕಂದಕದ ನಡುವಿನ ಈ ಮನೆಯಲ್ಲಿ 14ನೇ ಶತಮಾನದ ಸಭಾಂಗಣ, ಗುಲಾಬಿ ಮತ್ತು ದಾಳಿಂಬೆಯ ಚಿತ್ರಗಳು ಮಾಸಿರುವ ಟ್ಯೂಡರ್ ರಾಜವಂಶದ ಕಾಲದ (16ನೇ ಶತಮಾನ) ಮರದ ಛಾವಣಿ, 19ನೇ ಶತಮಾನದ ವಿಕ್ಟೋರಿಯನ್ ಬದಲಾವಣೆಗಳು ಒಂದೇ ಅಂಗಳದ ಸುತ್ತ ಸೇರಿವೆ.

ಮಧ್ಯಯುಗದ ಮನೆಯ ವಿನ್ಯಾಸವನ್ನು ನಿಚ್ಚಳವಾಗಿ ಅರಿಯಬೇಕೆನ್ನುವವರಿಗೆ ಹ್ಯಾಡನ್ ಸೂಕ್ತ. ಪ್ರತಿ ತಲೆಮಾರು ಮನೆಯನ್ನು ಹೇಗೆ ತನ್ನದಾಗಿಸಿಕೊಂಡಿತು ಎಂಬ ಕುತೂಹಲವಿರುವವರಿಗೂ, ಸಂರಕ್ಷಣೆಯ ವಿದ್ಯಾರ್ಥಿಗಳಿಗೂ ಐಟಮ್ ಮೋಟ್ ಹೆಚ್ಚು ಕಲಿಸುತ್ತದೆ, ಏಕೆಂದರೆ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1989ರಿಂದ 2004ರವರೆಗೆ ಅದನ್ನು ಭಾಗಭಾಗವಾಗಿ ದುರಸ್ತಿ ಮಾಡಿತು. ಲಂಡನ್ನಿನಲ್ಲಿ ಉಳಿದುಕೊಂಡವರಿಗೆ ಹತ್ತಿರವಾಗುವುದೂ ಅದೇ.